ಚಾಕ್ಲೇಟ್ ಸಿಸ್ಟ್ ಅಂತ ಗೊತ್ತಾಗಿದೆ. ಮಂಗಳೂರು, ಉಡುಪಿ ಕಡೆ ಎಂಡೊಮೆಟ್ರಿಯೋಸಿಸ್ ಸರಿಯಾಗಿ ನೋಡುವವರು ಎಲ್ಲಿದ್ದಾರೆ?

ಬಿಜೈ_ಹುಡುಗಿ
ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲು ತುಂಬಾ ದಿನ ಹಿಂದೆ ಮುಂದೆ ನೋಡಿದೆ. ನನಗೆ 27 ವರ್ಷ. ಮಂಗಳೂರಿನ ಬಿಜೈಯಲ್ಲಿ ಪೀಜಿಯಲ್ಲಿದ್ದೇನೆ, ಮನೆ ಪುತ್ತೂರಿನ ಹತ್ತಿರ. ಎಂಟನೇ ಕ್ಲಾಸಿನಿಂದ ಮುಟ್ಟಿನ ನೋವು. ಸಾಧಾರಣ ನೋವಲ್ಲ. ವಾಂತಿ, ಬೆವರು, ಬಚ್ಚಲಿನ ನೆಲದಲ್ಲೇ ಮುದುಡಿ ಮಲಗುವುದು. ಅಮ್ಮ ಮೆಂತೆ ಗಂಜಿ, ಜೀರಿಗೆ ಕಷಾಯ, ಬಿಸಿನೀರಿನ ಚೀಲ ಎಲ್ಲ ಕೊಟ್ಟರು. "ಮದುವೆ ಆದ ಮೇಲೆ ಸರಿಯಾಗುತ್ತದೆ" ಅಂತ ಅಜ್ಜಿ. ನಾನೂ ನಂಬಿದ್ದೆ.

ಎರಡು ವರ್ಷದಿಂದ ಇನ್ನೊಂದು ಶುರುವಾಗಿದೆ. ಮುಟ್ಟಿನ ದಿನಗಳಲ್ಲಿ ಕಕ್ಕಸಿಗೆ ಕೂತರೆ ಜೀವ ಹೋಗುವಷ್ಟು ನೋವು. ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂದರು. ಇನ್ನೊಬ್ಬರು ಟೆನ್ಷನ್ ಅಂದರು. ಎರಡು ಸಲ ಸ್ಕ್ಯಾನ್ ಮಾಡಿದಾಗಲೂ ನಾರ್ಮಲ್. ಕಳೆದ ತಿಂಗಳು ಮೂರನೇ ಸ್ಕ್ಯಾನಿನಲ್ಲಿ ಎಡ ಓವರಿಯಲ್ಲಿ 4.2 ಸೆಂ.ಮೀ. ಚಾಕ್ಲೇಟ್ ಸಿಸ್ಟ್ ಕಾಣಿಸಿತು.

ಈಗ ಮೂವರು ಮೂರು ಹೇಳುತ್ತಾರೆ. ಒಬ್ಬರು ಮುಂದಿನ ವಾರವೇ ಆಪರೇಷನ್ ಅಂತಾರೆ. ಇನ್ನೊಬ್ಬರು ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ ಬರೆದಿದ್ದಾರೆ. ಮೂರನೆಯವರು ಅಮ್ಮನ ಎದುರೇ "ಬೇಗ ಮದುವೆ ಮಾಡಿ, ಒಂದು ಮಗು ಆಗಲಿ" ಅಂದರು. ಅಮ್ಮ ಅವತ್ತಿನಿಂದ ಜಾತಕ ಹಿಡಿದು ಕೂತಿದ್ದಾರೆ. ನಮ್ಮ ಕಡೆ ಇದನ್ನು ಸರಿಯಾಗಿ ಬಲ್ಲವರು ಇದ್ದಾರಾ? ಬೆಂಗಳೂರಿಗೇ ಹೋಗಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಾರ್ಕಳ_ಕಲ್ಲುಬೆಟ್ಟು
ಮೊದಲು ಒಂದು ಮಾತು ತಂಗಿ. ನಿನ್ನ ನೋವು ನಿಜ. ಹದಿಮೂರು ವರ್ಷ ಯಾರೂ ನಂಬಲಿಲ್ಲ ಅಂದರೆ ಅದು ನಿನ್ನ ತಪ್ಪಲ್ಲ.

ಸುರತ್ಕಲ್_ದೀಪಸ್ತಂಭ
ಮಗು ಆದರೆ ಗುಣ ಆಗುತ್ತದೆ ಅನ್ನುವುದು ಸುಳ್ಳು. ನಾನು ಇಬ್ಬರು ಮಕ್ಕಳ ತಾಯಿ. ಬಸುರಿ ಇದ್ದಾಗ, ಹಾಲು ಕುಡಿಸುವಾಗ ಮುಟ್ಟಿಲ್ಲ, ಹಾಗಾಗಿ ನೋವು ಕಡಿಮೆ ಇತ್ತು. ಎರಡನೆಯವನಿಗೆ ಒಂದೂವರೆ ವರ್ಷ ಆಗುವಾಗ ಎಲ್ಲ ವಾಪಸ್ ಬಂತು. ಅಮ್ಮನಿಗೆ ಇದನ್ನು ಓದಿ ಹೇಳಿ. ಮದುವೆ ಬೇಕಾದಾಗ ಆಗಿ, ಮದ್ದು ಅಂತ ಆಗಬೇಡಿ.

ಮಣಿಪಾಲ_ಮಳೆ
ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ 11 ವರ್ಷ ಕೆಲಸ ಮಾಡಿದವಳು. ಡಾಕ್ಟರಲ್ಲ, ಕಂಡದ್ದನ್ನು ಹೇಳುತ್ತೇನೆ.

ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಹೊರಗೆ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ಓವರಿಯ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ಪ್ರತಿ ತಿಂಗಳು ಅಲ್ಲೂ ಊತ, ರಕ್ತ. ಕೊನೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಓವರಿಯಲ್ಲಿ ಹಳೇ ರಕ್ತ ಸೇರಿ ಗಟ್ಟಿ ಕಂದು ಬಣ್ಣ ಆಗುವುದರಿಂದ ಚಾಕ್ಲೇಟ್ ಸಿಸ್ಟ್ ಅನ್ನುತ್ತಾರೆ.

ಸ್ಕ್ಯಾನ್ ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಮದುವೆಯಾಗದವರಿಗೆ ಇಲ್ಲಿ ಹೆಚ್ಚಾಗಿ ಹೊಟ್ಟೆಯ ಮೇಲಿಂದ ಮಾತ್ರ ಸ್ಕ್ಯಾನ್ ಮಾಡುತ್ತಾರೆ. ಅದರಲ್ಲಿ ಸಿಸ್ಟ್ ಕಾಣಬಹುದು, ತೆಳುವಾಗಿ ಹರಡಿದ್ದು ಕಾಣುವುದಿಲ್ಲ. ಕರುಳಿನ ಕಡೆ ನೋವಿದ್ದರೆ ಪೆಲ್ವಿಸ್ ಎಂಆರ್‌ಐ ಮಾಡಿಸಿ. ರೆಫರಲ್ ಚೀಟಿಯಲ್ಲಿ "ಆಳವಾದ ಎಂಡೊಮೆಟ್ರಿಯೋಸಿಸ್ ಇದೆಯಾ ನೋಡಿ" ಅಂತ ಡಾಕ್ಟರಿಂದಲೇ ಬರೆಸಿಕೊಳ್ಳಿ. ಸುಮ್ನೆ "ಹೊಟ್ಟೆ ನೋವು" ಅಂತ ಬರೆದು ಕಳುಹಿಸಿದರೆ ರಿಪೋರ್ಟ್ ಮಾಡುವವರು ಆ ಜಾಗ ಹುಡುಕುವುದೇ ಇಲ್ಲ.

ಕೊಡಿಯಾಲ್‌ಬೈಲ್_97
ಸಿಎ 125 ಅಂತ ರಕ್ತ ಪರೀಕ್ಷೆ ಉಂಟಲ್ಲ, ಅದರಲ್ಲಿ ಗೊತ್ತಾಗುವುದಿಲ್ಲವಾ?

ಮಣಿಪಾಲ_ಮಳೆ
ಇಲ್ಲ. ಅದು ಬೇರೆ ಕಾರಣಕ್ಕೂ ಏರುತ್ತದೆ, ಕಾಯಿಲೆ ಇದ್ದವರಲ್ಲಿ ನಾರ್ಮಲ್ಲೂ ಇರುತ್ತದೆ. ಏರಿದೆ ಅಂತ ಕ್ಯಾನ್ಸರ್ ಹೆದರಿಕೆಯಲ್ಲಿ ರಾತ್ರಿಯಿಡೀ ಅಳುತ್ತಾ ಕೂತವರನ್ನು ನಾನು ನೋಡಿದ್ದೇನೆ. ಅದೊಂದೇ ಹಿಡಿದು ಹೆದರಬೇಡಿ.

ಬಂಟ್ವಾಳ_ಹೊಳೆಬದಿ
ನನ್ನ ಕಥೆ ಸ್ವಲ್ಪ ಉದ್ದ. ಆದರೆ ಬಿಜೈಯವರು ಓದಲೇಬೇಕು.

ಆರು ವರ್ಷದ ಹಿಂದೆ ನನಗೆ ಬಲಗಡೆ 5 ಸೆಂ.ಮೀ. ಸಿಸ್ಟ್. ಡಾಕ್ಟರು ನೋಡಿದ ದಿನವೇ ತಾರೀಕು ಕೊಟ್ಟರು. ಕೀಹೋಲ್ ಆಪರೇಷನ್, ಎರಡೇ ದಿನದಲ್ಲಿ ಮನೆ. ಎಷ್ಟು ಸುಲಭ ಅಂದುಕೊಂಡೆವು. ಹತ್ತು ತಿಂಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಬಂತು. ಬೇರೆಯವರ ಹತ್ತಿರ ಫೈಲ್ ತೋರಿಸಿದಾಗ ಗೊತ್ತಾಯಿತು, ಒಳಗಿನ ರಸ ಮಾತ್ರ ಹೀರಿ ತೆಗೆದಿದ್ದರು. ಚೀಲ ಹಾಗೇ ಇತ್ತು. ಗರ್ಭಕೋಶದ ಹಿಂದಿನ ಗಂಟನ್ನು ಮುಟ್ಟಿಯೇ ಇರಲಿಲ್ಲ.

ಎರಡನೇ ಆಪರೇಷನ್ ನಾಲ್ಕು ಗಂಟೆ. ಗೈನಕ್ ಜೊತೆ ಕರುಳಿನ ಸರ್ಜನ್ ಕೂಡ ನಿಂತಿದ್ದರು. ಕಾಯಿಲೆ ಇದ್ದ ಭಾಗವನ್ನೇ ಕತ್ತರಿಸಿ ತೆಗೆದರು, ಮೇಲೆ ಮೇಲೆ ಸುಟ್ಟು ಬಿಡಲಿಲ್ಲ. ಈಗ ಮೂರು ವರ್ಷ. ನೋವು ಇಲ್ಲವೇ ಇಲ್ಲ ಅನ್ನಲಾರೆ, ಆದರೆ ತಿಂಗಳಿಗೆ ಒಂದು ಮಾತ್ರೆಯಲ್ಲಿ ಕಳೆಯುತ್ತದೆ. ಮೊದಲು ಒಂದು ಸ್ಟ್ರಿಪ್ ಸಾಕಾಗುತ್ತಿರಲಿಲ್ಲ.

ಆದರೆ ಎರಡು ಸಲ ಓವರಿಗೆ ಕೈ ಹಾಕಿದ್ದರಿಂದ ನನ್ನ ಎಎಂಎಚ್, ಅಂದರೆ ಓವರಿಯಲ್ಲಿ ಮೊಟ್ಟೆ ಎಷ್ಟು ಉಳಿದಿದೆ ಅಂತ ಅಂದಾಜು ಹೇಳುವ ರಕ್ತ ಪರೀಕ್ಷೆಯ ಲೆಕ್ಕ, ತುಂಬಾ ಇಳಿದಿದೆ. ಸಿಸ್ಟಿನ ಚೀಲ ತೆಗೆಯುವಾಗ ಒಳ್ಳೆಯ ಭಾಗವೂ ಸ್ವಲ್ಪ ಹೋಗುತ್ತದಂತೆ. ಮೊದಲ ಸಲ ಇದನ್ನು ಯಾರೂ ಹೇಳಲಿಲ್ಲ. ಆಪರೇಷನ್‌ಗೆ ಮುಂಚೆಯೇ ಎಎಂಎಚ್ ಮಾಡಿಸಿ. ಮುಂದೆ ಮಕ್ಕಳು ಬೇಕು ಅಂತಿದ್ದರೆ ಮೊಟ್ಟೆ ತೆಗೆದಿಡುವ ವಿಷಯವನ್ನೂ ಕೇಳಿ. ಈ ಒಂದು ಮಾತಿಗಾಗಿಯೇ ನಾನು ಇಷ್ಟು ಬರೆದದ್ದು.

ಉಳ್ಳಾಲ_ಅಳಿವೆ
ಬಂಟ್ವಾಳದವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ನಾನು ಡೈನೋಜೆಸ್ಟ್ 2 ಮಿ.ಗ್ರಾಂ. ದಿನಾ ಒಂದು, ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಮೂರು ತಿಂಗಳು ಸಾಕಪ್ಪಾ ಸಾಕು ಅನಿಸಿತು. ಯಾವಾಗ ನೋಡಿದರೂ ರಕ್ತದ ಕಲೆ, ತಲೆನೋವು, ಸುಮ್ಸುಮ್ನೆ ಅಳು. ಉಮ್ಮ "ಬಿಟ್ಟುಬಿಡು ಮೋಳೇ" ಅಂದಿದ್ದರು. ನಾಲ್ಕನೇ ತಿಂಗಳಿಂದ ಮುಟ್ಟೇ ನಿಂತಿತು, ನೋವೂ ನಿಂತಿತು. ಸಿಸ್ಟ್ 3.8ರಿಂದ 2.5ಕ್ಕೆ ಇಳಿದಿದೆ.

ಕೊಡಿಯಾಲ್‌ಬೈಲ್_97
ಮುಟ್ಟು ನಿಲ್ಲಿಸುವುದು ಒಳ್ಳೆಯದಾ? ಕೆಟ್ಟ ರಕ್ತ ಒಳಗೇ ಉಳಿಯುವುದಿಲ್ಲವಾ?

ಉಳ್ಳಾಲ_ಅಳಿವೆ
ನಮ್ಮ ಮನೆಯಲ್ಲೂ ಇದೇ ಹೆದರಿಕೆ ಇತ್ತು. ಮಾತ್ರೆ ತೆಗೆದುಕೊಳ್ಳುವಾಗ ಒಳಪದರ ದಪ್ಪವಾಗಿ ಬೆಳೆಯುವುದೇ ಇಲ್ಲ. ಬೆಳೆಯದ್ದು ಹೊರಗೆ ಬರಬೇಕಾಗಿಯೂ ಇಲ್ಲ. ಉಳಿಯಲು ಅಲ್ಲಿ ಏನೂ ಇರುವುದಿಲ್ಲ.

ಮಣಿಪಾಲ_ಮಳೆ
ಸರಿಯಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ಡೈನೋಜೆಸ್ಟ್ ಕಾಯಿಲೆಯನ್ನು ಅದುಮಿ ಇಡುತ್ತದೆ, ಬೇರು ಕೀಳುವುದಿಲ್ಲ. ಬಿಟ್ಟರೆ ಮತ್ತೆ ಬರಬಹುದು. ಮದುವೆಯಾದವರು ಗಮನಿಸಿ, ಅದನ್ನು ಗರ್ಭನಿರೋಧಕ ಮಾತ್ರೆ ಅಂತ ನಂಬಿಕೊಳ್ಳಬೇಡಿ, ಬೇರೆ ವ್ಯವಸ್ಥೆ ಬೇಕು. ಹಾರ್ಮೋನ್ ಇರುವ ಕಾಪರ್‌ಟಿ ಥರದ್ದು, ಮಿರೆನಾ, ಅದೂ ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ. ಲ್ಯೂಪ್ರೋಲೈಡ್ ಇಂಜೆಕ್ಷನ್ ಕೊಟ್ಟರೆ ಎಷ್ಟು ತಿಂಗಳು ಅಂತ ಕೇಳಿ. ಅದು ಮುಟ್ಟು ನಿಲ್ಲುವ ವಯಸ್ಸಿನವರ ಹಾಗೆ ಮೈ ಬಿಸಿ ಮಾಡುತ್ತದೆ, ಮೂಳೆ ಸವೆಸುತ್ತದೆ. ಆರು ತಿಂಗಳು ದಾಟುವುದಾದರೆ ಜೊತೆಗೆ ಸ್ವಲ್ಪ ಹಾರ್ಮೋನ್ ಕೂಡ ಕೊಡಬೇಕಾಗುತ್ತದೆ.

ಪುತ್ತೂರು_ಬೆಟ್ಟಂಪಾಡಿ
ಇಷ್ಟೆಲ್ಲ ಹಾರ್ಮೋನ್ ಯಾಕೆ? ಒಳ್ಳೆಯ ಆಯುರ್ವೇದ ವೈದ್ಯರನ್ನು ನೋಡಿ. ನನ್ನ ನಾದಿನಿಗೆ ಕಷಾಯದಲ್ಲೇ ಕಡಿಮೆ ಆಗಿದೆ.

ಬಂಟ್ವಾಳ_ಹೊಳೆಬದಿ
ನಿಮ್ಮ ನಾದಿನಿಗೆ ಒಳ್ಳೆಯದಾಗಿದ್ದರೆ ಸಂತೋಷ ಅಕ್ಕ. ಆದರೆ ಅವರಿಗೆ ಇದ್ದದ್ದು ಎಂಡೊಮೆಟ್ರಿಯೋಸಿಸ್ಸೇ ಅಂತ ಸ್ಕ್ಯಾನಿನಲ್ಲಿ ಗೊತ್ತಾಗಿತ್ತಾ? ನಾನೂ ಒಂದೂವರೆ ವರ್ಷ ಕಷಾಯ ಕುಡಿದೆ. ಆ ಸಮಯದಲ್ಲಿ ಗಂಟು ಬೆಳೆಯುತ್ತಲೇ ಇತ್ತು.

ಪುತ್ತೂರು_ಬೆಟ್ಟಂಪಾಡಿ
ಸ್ಕ್ಯಾನ್ ಮಾಡಿಸಿರಲಿಲ್ಲ, ನಿಜ. ಬರೇ ಮುಟ್ಟಿನ ನೋವು ಅಂತ ಕೊಟ್ಟದ್ದು. ಸರಿ, ಅವಳಿಗೂ ಒಮ್ಮೆ ಮಾಡಿಸಿಕೊಳ್ಳಲು ಹೇಳುತ್ತೇನೆ.

ಮೂಡುಬಿದಿರೆ_ಅಮ್ಮ
ನನ್ನ ಮಗಳಿಗೆ 17. ಸೆಕೆಂಡ್ ಪಿಯುಸಿ. ತಿಂಗಳಿಗೆ ಮೂರು ದಿನ ಕಾಲೇಜಿಗೆ ಹೋಗುವುದಿಲ್ಲ. ಲೆಕ್ಚರರು ಫೋನ್ ಮಾಡಿ "ಎಂತ ಯಾವಾಗಲೂ ರಜೆ" ಅಂತ ಕೇಳುತ್ತಾರೆ. ಇಷ್ಟು ಚಿಕ್ಕವರಿಗೂ ಇದು ಬರುತ್ತದಾ? ಮೆಡಿಕಲ್ ಶಾಪಿನಿಂದ ಮೆಫ್ತಾಲ್ ತಂದು ಕೊಡುತ್ತೇನೆ. ಅದು ತಪ್ಪಾ?

ಮಣಿಪಾಲ_ಮಳೆ
ಬರುತ್ತದೆ ಅಕ್ಕ. ಮೊದಲ ಮುಟ್ಟಿನಿಂದಲೇ ಶುರುವಾದವರು ಇದ್ದಾರೆ. ಜಗತ್ತಿನಲ್ಲಿ ಮುಟ್ಟಾಗುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಹತ್ತು ಜನರಿಗೆ, ಒಟ್ಟು 19 ಕೋಟಿಯಷ್ಟು ಜನರಿಗೆ ಇದು ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅಪರೂಪದ ಕಾಯಿಲೆ ಅಲ್ಲ. ಅಪರೂಪ ಆಗಿರುವುದು ಬೇಗ ಗುರುತಿಸುವುದು.

ಮಾತ್ರೆ ಕೊಡುವುದು ತಪ್ಪಲ್ಲ. ಊಟ ಆದ ಮೇಲೆ ಕೊಡಿ. ನೋವು ಏರಿದ ಮೇಲೆ ಕೊಟ್ಟರೆ ಜಾಸ್ತಿ ಹಿಡಿಯುವುದಿಲ್ಲ. ಶುರುವಾಗುವ ಸೂಚನೆ ಕಂಡಾಗಲೇ ಕೊಡಬೇಕು. ಆದರೆ ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ಬೇಡ. ಮೆಫ್ತಾಲ್‌ನಲ್ಲಿರುವ ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಗಂಭೀರ ಅಲರ್ಜಿ ಆಗಬಹುದು ಅಂತ 2023ರಲ್ಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಎಚ್ಚರಿಕೆ ಕೊಟ್ಟಿದೆ. ಮೈಯಲ್ಲಿ ದದ್ದು, ಜ್ವರ, ಗಂಟಲ ಪಕ್ಕ ಗೆಡ್ಡೆ ಊದಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಮಾತ್ರೆ ತೆಗೆದುಕೊಂಡೂ ಕಾಲೇಜು ತಪ್ಪುತ್ತದೆ ಅಂದರೆ ಗೈನಕ್‌ಗೆ ತೋರಿಸುವ ಸಮಯ ಬಂದಿದೆ ಅಂತಲೇ ಲೆಕ್ಕ. ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ.

ಕುಂದಾಪ್ರ_ಕೋಡಿ
ರಜೆಯ ಮಾತು ಬಂತಲ್ಲ. 2025ರಲ್ಲಿ ನಮ್ಮ ರಾಜ್ಯ ಸಂಪುಟ ಕೆಲಸ ಮಾಡುವ ಹೆಂಗಸರಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳದ ಮುಟ್ಟಿನ ರಜೆ ಒಪ್ಪಿತಲ್ಲ. ಕಾಲೇಜಿನ ಹುಡುಗಿಯರಿಗೂ ಹಾಜರಾತಿಯಲ್ಲಿ ಅಷ್ಟು ವಿನಾಯಿತಿ ಬೇಕು.

ಕೊಡಿಯಾಲ್‌ಬೈಲ್_97
ರಜೆ ಕೊಟ್ಟರೆ ಕಂಪನಿಯವರು ಹುಡುಗಿಯರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಅಂತ ನನ್ನ ಭಯ.

ಕುಂದಾಪ್ರ_ಕೋಡಿ
ಆ ಭಯಕ್ಕೆ ನೋವು ಮುಚ್ಚಿಟ್ಟು ಮುಚ್ಚಿಟ್ಟೇ ಇಲ್ಲಿಗೆ ಬಂದದ್ದು ಮಾರಾಯ್ತಿ. ಕೆಡ್ಡಸಕ್ಕೆ ಭೂಮಿತಾಯಿ ಮುಟ್ಟಾಗಿದ್ದಾಳೆ ಅಂತ ಮೂರು ದಿನ ನೇಗಿಲು ಹಾರೆ ಮುಟ್ಟದ ಊರು ನಮ್ಮ ತುಳುನಾಡು. ಕೊನೇ ದಿನ ನೆಲಕ್ಕೆ ಎಣ್ಣೆ ಬಿಡುತ್ತೇವೆ. ಮನೆಯ ಹುಡುಗಿಗೂ ಅಷ್ಟು ಸಲ್ಲಬೇಕು ಅಂತ ನನ್ನ ಆಸೆ.

ಕಾರ್ಕಳ_ಕಲ್ಲುಬೆಟ್ಟು
ವಿಷಯಕ್ಕೆ ಬರೋಣ. ನಮ್ಮ ಚಿಕ್ಕಮ್ಮನಿಗೆ 38ಕ್ಕೇ ಗರ್ಭಕೋಶ ತೆಗೆಸಿದರು. "ಬುಡ ಸಮೇತ ಹೋಯಿತು" ಅಂದರು. ಈಗಲೂ ಅವರಿಗೆ ಹೊಟ್ಟೆಯ ಕೆಳಗೆ ನೋವು. ಕಾಯಿಲೆ ಇದ್ದದ್ದು ಗರ್ಭಕೋಶದ ಹೊರಗೆ, ತೆಗೆದದ್ದು ಗರ್ಭಕೋಶ ಮಾತ್ರ. ಯಾರಾದರೂ ಇದೊಂದೇ ದಾರಿ ಅಂದರೆ ಇನ್ನೊಬ್ಬರನ್ನು ಕೇಳದೆ ಸಹಿ ಹಾಕಬೇಡಿ.

ಮಣಿಪಾಲ_ಮಳೆ
ಅಡೆನೊಮಯೋಸಿಸ್ ಅಂತ ಬೇರೆ ಉಂಟು. ಅದರಲ್ಲಿ ಕಾಯಿಲೆ ಗರ್ಭಕೋಶದ ಗೋಡೆಯೊಳಗೇ ಇರುತ್ತದೆ. ಅದಕ್ಕೆ ಗರ್ಭಕೋಶ ತೆಗೆದರೆ ಗುಣ. ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತವೆ. ಅದಕ್ಕೇ ಯಾವುದು ಅಂತ ಮೊದಲು ತಿಳಿಯಬೇಕು.

ಮಲ್ಪೆ_ಬಂದರು
ನಾನು ಗಂಡಸು, ಬರೆಯಬಹುದಾ ಗೊತ್ತಿಲ್ಲ. ಮದುವೆಯಾಗಿ ಎರಡು ವರ್ಷ ನನ್ನ ಹೆಂಡತಿ ಹತ್ತಿರ ಬಂದರೆ ನೋವು ಅನ್ನುತ್ತಿದ್ದಳು. ನನ್ನನ್ನು ಇಷ್ಟ ಇಲ್ಲ ಅಂತ ನಾನು ತಿಳಿದೆ. ಮಾತು ಬಿಟ್ಟೆ, ಬೇರೆ ಕೋಣೆಯಲ್ಲಿ ಮಲಗಿದೆ. ಆಮೇಲೆ ಇದೇ ಕಾಯಿಲೆ ಅಂತ ಗೊತ್ತಾಯಿತು. ಡಾಕ್ಟರು ಅವಳನ್ನು ನೇರವಾಗಿ ಕೇಳಿದಾಗ ಮೊದಲ ಬಾರಿ ಬಾಯಿ ಬಿಟ್ಟಳು. ನಾನು ಅವಳ ಕ್ಷಮೆ ಕೇಳಿದೆ. ಗಂಡಂದಿರು ಇದನ್ನು ಓದುತ್ತಿದ್ದರೆ ಒಪಿಡಿಗೆ ಜೊತೆಯಲ್ಲಿ ಹೋಗಿ, ಹೊರಗೆ ಬೈಕಿನ ಮೇಲೆ ಕೂರಬೇಡಿ.

ಸುರತ್ಕಲ್_ದೀಪಸ್ತಂಭ
ಬರೆದದ್ದು ಒಳ್ಳೆಯದಾಯಿತು ಅಣ್ಣ.

ಕೊಡಿಯಾಲ್‌ಬೈಲ್_97
ಈಗ ಮೂಲ ಪ್ರಶ್ನೆ. ಎಲ್ಲಿಗೆ ಹೋಗಬೇಕು? ನನ್ನ ಕೇಳಿದರೆ ಸೀದಾ ಬೆಂಗಳೂರು. ಇಲ್ಲಿ ಹೆರಿಗೆ ಡಾಕ್ಟರುಗಳು ಬೇಕಾದಷ್ಟು, ಈ ಕಾಯಿಲೆಗೇ ಅಂತ ಇರುವವರು ಕಡಿಮೆ.

ಬಂಟ್ವಾಳ_ಹೊಳೆಬದಿ
ನಾನು ಒಪ್ಪುವುದಿಲ್ಲ. ನನ್ನ ಎರಡನೇ ಆಪರೇಷನ್ ಇಲ್ಲೇ ಆದದ್ದು. ಆಪರೇಷನ್ ಆದ ಐದನೇ ದಿನ ಜ್ವರ ಬಂತು. ಬೆಂಗಳೂರಿನಲ್ಲಿ ಮಾಡಿಸಿದ್ದರೆ ಹೊಟ್ಟೆ ಹಿಡಿದುಕೊಂಡು ಶಿರಾಡಿ ಘಾಟಿಯ ಹೊಂಡದಲ್ಲಿ ಹೋಗಬೇಕಿತ್ತು. ಇದು ವರ್ಷಗಟ್ಟಲೆ ನೋಡಿಕೊಳ್ಳುವ ಕಾಯಿಲೆ. ಹತ್ತಿರ ಇರುವವರು ಬೇಕು.

ಮಣಿಪಾಲ_ಮಳೆ
ನಮ್ಮ ಕಡೆಯ ದೊಡ್ಡ ಅನುಕೂಲ ಮೆಡಿಕಲ್ ಕಾಲೇಜುಗಳು. ಮಣಿಪಾಲದ ಕಸ್ತೂರ್ಬಾ, ಮಂಗಳೂರಿನ ಕೆಎಂಸಿ, ಫಾದರ್ ಮುಲ್ಲರ್, ಎ.ಜೆ., ದೇರಳಕಟ್ಟೆಯ ಯೆನೆಪೋಯ, ಕೆ.ಎಸ್. ಹೆಗ್ಡೆ, ಎಲ್ಲ ಕಡೆ ಗೈನಕ್, ಸರ್ಜರಿ, ಯುರಾಲಜಿ, ರೇಡಿಯಾಲಜಿ ಒಂದೇ ಆವರಣದಲ್ಲಿ ಇವೆ. ಕರುಳಿನ ಕಡೆ ಕಾಯಿಲೆ ಹೋಗಿದ್ದರೆ ಚಿಕ್ಕ ನರ್ಸಿಂಗ್ ಹೋಮ್‌ಗಿಂತ ಇಂಥ ಜಾಗವೇ ಸರಿ.

ಆದರೆ ಬೋರ್ಡ್ ನೋಡಿ ನಂಬಬೇಡಿ. ಬಿಜೈಯವರೇ, ಡಾಕ್ಟರ ಎದುರು ಕೂತು ಕೇಳಿ. ತಿಂಗಳಿಗೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ? ಕತ್ತರಿಸಿ ತೆಗೆಯುತ್ತೀರಾ, ಸುಡುತ್ತೀರಾ? ಕರುಳಿಗೆ ಅಂಟಿದ್ದರೆ ಯಾರು ಬರುತ್ತಾರೆ, ಅವರಿಗೆ ಮೊದಲೇ ಹೇಳಿರುತ್ತೀರಾ? ಓವರಿ ಉಳಿಸಲು ಏನು ಮಾಡುತ್ತೀರಿ? ಆಪರೇಷನ್ ಆದ ಮೇಲೆ ಮಾತ್ರೆ ಎಷ್ಟು ದಿನ? ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟಾಗುವುದಿಲ್ಲ. ಕೆಲವರು ಕಾಗದದ ಮೇಲೆ ಚಿತ್ರ ಬರೆದೇ ತೋರಿಸುತ್ತಾರೆ. ಕೇಳಿದ್ದಕ್ಕೆ ಗದರಿದರೆ ಫೈಲ್ ತೆಗೆದುಕೊಂಡು ಎದ್ದು ಬನ್ನಿ.

ಇನ್ನೊಂದು. ಬರೇ ಪತ್ತೆ ಮಾಡುವುದಕ್ಕೆ ಅಂತ ಹೊಟ್ಟೆ ತೂತು ಮಾಡುವ ಕಾಲ ಹೋಗಿದೆ. ಯುರೋಪಿನ ತಜ್ಞರ ಸಂಘ 2022ರ ಮಾರ್ಗಸೂಚಿಯಲ್ಲಿ ಅದನ್ನೇ ಹೇಳಿದೆ. ಸ್ಕ್ಯಾನಿನಲ್ಲಿ ಏನೂ ಕಾಣದೆ ಇದ್ದರೆ, ಮಾತ್ರೆಯೂ ಹಿಡಿಯದಿದ್ದರೆ ಆಗ ನೋಡಬಹುದು. 4.2 ಸೆಂ.ಮೀ.ಗೆ ಮುಂದಿನ ವಾರವೇ ಅಂತ ಗಡಿಬಿಡಿ ಮಾಡುವ ಮೊದಲು ಎಂಆರ್‌ಐ ಆಗಲಿ. ಆದರೆ ಒಮ್ಮೆಲೇ ತಡೆಯಲಾಗದ ನೋವು, ಜ್ವರ, ತಲೆಸುತ್ತು ಬಂದರೆ ಕಾಯಬೇಡಿ. ಸೀದಾ ಎಮರ್ಜೆನ್ಸಿಗೆ ಹೋಗಿ, ಸಿಸ್ಟ್ ಒಡೆದಿರಬಹುದು.

ಪಡುಬಿದ್ರಿ_ಬೀಚ್
ಡಾಕ್ಟರ ಹೆಸರು ಹೇಳಿ ಮಾರ್ರೆ, ಇಷ್ಟು ಸುತ್ತು ಯಾಕೆ?

ನಿರ್ವಾಹಕರು
ವೈದ್ಯರ ಹೆಸರು, ಫೋನ್ ನಂಬರು ಇಲ್ಲಿ ಹಾಕಬೇಡಿ. ಹಾಕಿದ ಎರಡು ಉತ್ತರ ತೆಗೆದಿದ್ದೇವೆ.

ಕುಂದಾಪ್ರ_ಕೋಡಿ
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ನಾವು ಬೀಡಿ ಕಟ್ಟಿ ಬದುಕಿದ ಮನೆಯವರು. ಹಂಪನಕಟ್ಟೆಯ ಲೇಡಿಗೋಷನ್ ಸರ್ಕಾರಿ ಆಸ್ಪತ್ರೆ, ಆದರೆ ಅಲ್ಲಿ ನೋಡುವವರಲ್ಲಿ ಕೆಎಂಸಿಯ ಪ್ರೊಫೆಸರುಗಳೂ ಇದ್ದಾರೆ. ನನ್ನ ತಂಗಿಗೆ ಕಾಯಿಲೆ ಪತ್ತೆ ಆದದ್ದೇ ಅಲ್ಲಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಯಾವ ಆಪರೇಷನ್‌ಗೆ ಸಿಗುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾ ಅಂತ ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ಸಹಾಯ ಮಾಡುವ ಆರೋಗ್ಯಮಿತ್ರರನ್ನು ಕೇಳಿ. ಆಮೇಲೆ ಕೇಳಿದರೆ ಕಷ್ಟ.

ಉಳ್ಳಾಲ_ಅಳಿವೆ
ಖಾಸಗಿ ಇನ್ಶೂರೆನ್ಸ್ ಇದ್ದವರೂ ಪಾಲಿಸಿ ಓದಿ. ತುಂಬಾ ಪಾಲಿಸಿಗಳಲ್ಲಿ ಎಂಡೊಮೆಟ್ರಿಯೋಸಿಸ್, ಫೈಬ್ರಾಯ್ಡ್ ಹೆಸರು ಬರೆದೇ ಎರಡು ವರ್ಷ ಕಾಯಬೇಕು ಅಂತ ಹಾಕಿರುತ್ತಾರೆ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಹೆಚ್ಚಾಗಿ ಆ ತೊಂದರೆ ಇರುವುದಿಲ್ಲ.

ಬಿಜೈ_ಹುಡುಗಿ
ಮೂರು ವಾರ ಆಯಿತು, ಎಲ್ಲ ಉತ್ತರ ಎರಡೆರಡು ಸಲ ಓದಿದ್ದೇನೆ. ಏನಾಯಿತು ಅಂತ ಹೇಳುತ್ತೇನೆ.

ಆಪರೇಷನ್ ತಾರೀಕು ಬಿಟ್ಟೆ. ಮಣಿಪಾಲಕ್ಕೆ ಹೋದೆ. ಹೋಗುವ ಮೊದಲು ಮೂರು ತಿಂಗಳ ನೋವಿನ ಲೆಕ್ಕ ಒಂದು ಪುಟದಲ್ಲಿ ಬರೆದಿದ್ದೆ, ಯಾವ ದಿನ, ಎಲ್ಲಿ, ಎಷ್ಟು ಮಾತ್ರೆ, ಎಷ್ಟು ದಿನ ಕೆಲಸ ತಪ್ಪಿತು ಅಂತ. ಡಾಕ್ಟರು ಅದನ್ನು ಪೂರ್ತಿ ಓದಿದರು. ಕಕ್ಕಸಿಗೆ ಹೋಗುವಾಗ ನೋವಾ ಅಂತ ನಾನು ಹೇಳುವ ಮೊದಲೇ ಕೇಳಿದರು. ಅಲ್ಲೇ ಕಣ್ಣೀರು ಬಂತು.

ಎಂಆರ್‌ಐಯಲ್ಲಿ ಗರ್ಭಕೋಶದ ಹಿಂದೆ ಒಂದು ಗಂಟು, ಅದು ಕರುಳಿಗೆ ಅಂಟಿದೆ. ಎರಡು ನಾರ್ಮಲ್ ಸ್ಕ್ಯಾನಿನಲ್ಲಿ ಇದು ಕಾಣಿಸಿರಲೇ ಇಲ್ಲ! ಎಎಂಎಚ್ ಸದ್ಯಕ್ಕೆ ಚೆನ್ನಾಗಿದೆ. ಈಗ ಡೈನೋಜೆಸ್ಟ್ ಶುರು ಮಾಡಿದ್ದೇನೆ. ಮೂರು ತಿಂಗಳು ತೆಗೆದುಕೊಂಡು ನೋಡುವುದು. ಹಿಡಿಯದಿದ್ದರೆ ಕರುಳಿನ ಸರ್ಜನ್ ಜೊತೆ ಕೂತು ಮಾತಾಡಿ ಆಪರೇಷನ್, ಒಂದೇ ಸಲದಲ್ಲಿ ಎಲ್ಲ.

ಅಮ್ಮ ಜೊತೆಗಿದ್ದರು. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ ಅಂತ ಡಾಕ್ಟರು ಕೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ನನಗೂ ಹೀಗೇ ಆಗುತ್ತಿತ್ತು. ಹಟ್ಟಿಯ ಪಕ್ಕದ ಕೋಣೆಯಲ್ಲಿ ಬಾಯಿಗೆ ಸೆರಗು ತುರುಕಿ ಮಲಗುತ್ತಿದ್ದೆ" ಅಂದರು. ತಾಯಿಗೆ, ಅಕ್ಕತಂಗಿಯರಿಗೆ ಇದ್ದರೆ ನಮಗೆ ಬರುವ ಸಾಧ್ಯತೆ ಜಾಸ್ತಿಯಂತೆ. ಇಷ್ಟು ವರ್ಷದಲ್ಲಿ ಅಮ್ಮ ಒಂದು ದಿನ ಹೇಳಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ಕೈ ಬಿಡಲಿಲ್ಲ. ಜಾತಕ ಈಗ ಕಪಾಟಿನಲ್ಲಿದೆ.

ಬಂಟ್ವಾಳ_ಹೊಳೆಬದಿ
ಓದಿ ತುಂಬಾ ಹೊತ್ತು ಸುಮ್ಮನೆ ಕೂತೆ. ಮೊದಲ ಮೂರು ತಿಂಗಳು ಕಷ್ಟ ಅಂತ ಉಳ್ಳಾಲದವರು ಹೇಳಿದ್ದು ನೆನಪಿಟ್ಟುಕೊಳ್ಳಿ, ಮಧ್ಯದಲ್ಲಿ ಬಿಡಬೇಡಿ.

ಉಳ್ಳಾಲ_ಅಳಿವೆ
ಹೌದು. ಮನಸ್ಸು ತೀರಾ ಕೆಳಗೆ ಹೋದರೆ ಮಾತ್ರ ಡಾಕ್ಟರಿಗೆ ತಕ್ಷಣ ಹೇಳಿ, ಸಹಿಸಿಕೊಂಡು ಕೂರಬೇಡಿ. ರಾತ್ರಿ ಊಟದ ನಂತರ ಒಂದೇ ಹೊತ್ತಿಗೆ ತೆಗೆದುಕೊಳ್ಳಿ, ಮೊಬೈಲಿನಲ್ಲಿ ಅಲಾರಂ ಇಡಿ.

ಮೂಡುಬಿದಿರೆ_ಅಮ್ಮ
ನಾನೂ ಮಗಳನ್ನು ಕರೆದುಕೊಂಡು ಹೋಗಬೇಕು ಅಂತ ಮಾಡಿದ್ದೇನೆ. ಅವಳು ನಾಚಿಕೆಯಿಂದ ಬರಲು ಒಪ್ಪುತ್ತಿಲ್ಲ. ಒಳಗೆ ಪರೀಕ್ಷೆ ಮಾಡುತ್ತಾರೆ ಅಂತ ಹೆದರಿಕೆ.

ಬಿಜೈ_ಹುಡುಗಿ
ನನಗೆ ಮಾಡಲಿಲ್ಲ ಅಕ್ಕ. ಮೊದಲೇ ಕೇಳಿದರು, ಬೇಡ ಅಂದೆ, ಹೊಟ್ಟೆ ಮಾತ್ರ ಮುಟ್ಟಿ ನೋಡಿದರು. ಅವಳಿಗೆ ಹಾಗೇ ಹೇಳಿ. ನನ್ನ ಮುಂದಿನ ಭೇಟಿ ಬರುವ ತಿಂಗಳು ಎರಡನೇ ಗುರುವಾರ. ಬೇಕಾದರೆ ನೀವು ಕಾರ್ಕಳ ದಾರಿಯಾಗಿ ಬನ್ನಿ, ನಾನು ಬೆಳಿಗ್ಗೆ ಎಂಟಕ್ಕೆ ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಇರುತ್ತೇನೆ. ಒಳಗೆ ನಾನೂ ಅವಳ ಜೊತೆ ಕೂರುತ್ತೇನೆ.

ಮೂಡುಬಿದಿರೆ_ಅಮ್ಮ
ಅವಳಿಗೆ ಈಗಷ್ಟೇ ಓದಿ ಹೇಳಿದೆ. ಬರುತ್ತಾಳಂತೆ.